ಜಿಗಿತದಿಂದ ಶುರುವಾದ ಆಟ, ಜಗತ್ತಿನಿಂದ ಶುರುವಾದ ಆಟ

ನಮ್ಮ ಓಣಿಗೆ ಮೊದಲ ಟಿವಿ ಗೇಮ್ ಬಂದಿದ್ದು ಚಿಕ್ಕಪ್ಪನ ಮನೆಗೆ. ಒಂದು ಡಬ್ಬಿ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್. ಹೇಗೆ ಆಡಬೇಕು ಅಂತ ಹೇಳುವ ಪುಸ್ತಕ ಇರಲಿಲ್ಲ. ಇದ್ದಿದ್ದರೂ ಓದುವಷ್ಟು ಇಂಗ್ಲಿಷ್ ನಮಗ್ಯಾರಿಗೂ ಬರುತ್ತಿರಲಿಲ್ಲ. ಆದರೂ ಅರ್ಧ ಗಂಟೆಯೊಳಗೆ ಓಣಿಯ ಮಕ್ಕಳೆಲ್ಲ ಮಾರಿಯೋ ಆಡುವುದನ್ನು ಕಲಿತುಬಿಟ್ಟಿದ್ದೆವು. ಕಲಿಸಿದ್ದು ಯಾರು ಅನ್ನೋ ಪ್ರಶ್ನೆ ಆಗ ಹೊಳೆಯಲೇ ಇಲ್ಲ.

ಆಮೇಲೆ ಸೈಬರ್ ಕೆಫೆಗಳ ಕಾಲ ಬಂತು. ಅಲ್ಲಿ ಜಿಟಿಎ ವೈಸ್ ಸಿಟಿ. ನನ್ನ ಗೆಳೆಯನೊಬ್ಬ ದಿನಾ ಒಂದು ಗಂಟೆಯ ದುಡ್ಡು ಕೊಟ್ಟು ಕೂರುತ್ತಿದ್ದ. ಒಂದು ಮಿಷನ್ನೂ ಮುಗಿಸುತ್ತಿರಲಿಲ್ಲ. ಬೈಕ್ ಹತ್ತಿ, ರೇಡಿಯೊ ಹಾಕಿಕೊಂಡು, ಸಮುದ್ರದ ಪಕ್ಕದ ರಸ್ತೆಯಲ್ಲಿ ಸುಮ್ನೆ ಸುತ್ತುತ್ತಿದ್ದ. ಹೊತ್ತು ಮುಳುಗುವುದನ್ನು ನೋಡಲಿಕ್ಕೆ ಬೈಕ್ ನಿಲ್ಲಿಸುತ್ತಿದ್ದ. ‘ಇದನ್ನ ಆಟ ಅಂತಾರಾ?’ ಅಂತ ಕೇಳಿದರೆ ‘ಮತ್ತಿನ್ನೇನು?’ ಅನ್ನುತ್ತಿದ್ದ.

ಮಾರಿಯೋ ಆಟವನ್ನು ಮಾಡಿದ್ದು ಜಪಾನಿನ ಕ್ಯೋಟೋದಲ್ಲಿ. ವೈಸ್ ಸಿಟಿ ತಯಾರಾಗಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಒಂದು ಆಟ ನಮ್ಮ ಕೈ ಹಿಡಿದು, ಹಿಡಿದಿದ್ದೇ ಗೊತ್ತಾಗದ ಹಾಗೆ, ನಡೆಸಿಕೊಂಡು ಹೋಯಿತು. ಇನ್ನೊಂದು ಊರಿನ ನಡುವೆ ಬಿಟ್ಟು, ನಿನಗೆ ತೋಚಿದ್ದು ಮಾಡು ಅಂದಿತು. ಜಪಾನಿ ಗೇಮ್ ವಿನ್ಯಾಸ, ಪಶ್ಚಿಮದ ಗೇಮ್ ವಿನ್ಯಾಸ ಅಂತ ಜನ ಮಾತಾಡುವಾಗ ಸುತ್ತಿ ಬಳಸಿ ಬರುವುದು ಇಲ್ಲಿಗೇ.

ಈ ವ್ಯತ್ಯಾಸಕ್ಕೆ ಕಾರಣ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸಂಸ್ಕೃತಿ. ಝೆನ್ ಅಂತಾರೆ, ಸಮುರಾಯ್ ಅಂತಾರೆ, ಅಮೆರಿಕದವರ ಸ್ವಾತಂತ್ರ್ಯಪ್ರೇಮ ಅಂತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಆಟ ಮಾಡಿದವನ ಮೇಜಿನ ಮೇಲೆ ಯಾವ ಯಂತ್ರ ಇತ್ತು, ಅವನು ಅದಕ್ಕೂ ಮುಂಚೆ ಯಾವ ಆಟ ಆಡಿದ್ದ ಅಂತ ನೋಡಿದರೆ ಎಷ್ಟೋ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

1985ನ್ನೇ ತಗೊಳ್ಳಿ. ಆ ವರ್ಷ ಸೂಪರ್ ಮಾರಿಯೋ ಬ್ರದರ್ಸ್ ಬಂತು. ಅದನ್ನು ರೂಪಿಸಿದವರು ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ. ಇಡೀ ಆಟ ಕೂತಿದ್ದು 40 ಕಿಲೋಬೈಟ್‌ನಲ್ಲಿ. ಇವತ್ತು ಫೋನಿನಲ್ಲಿ ತೆಗೆದ 2 ಎಂಬಿಯ ಒಂದು ಫೋಟೋದ ಜಾಗದಲ್ಲಿ ಅಂಥ 50 ಮಾರಿಯೋ ಹಿಡಿಸುತ್ತವೆ. ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಷ್ಟು ಬಿಗಿ.

ಈಗ ಮೊದಲ ಹಂತವನ್ನು ನಿಧಾನವಾಗಿ ನೋಡೋಣ. ಮಾರಿಯೋ ಪರದೆಯ ಎಡಕ್ಕೆ ನಿಂತಿದ್ದಾನೆ, ಮುಖ ಬಲಕ್ಕೆ. ಬಲಗಡೆ ಪೂರ್ತಿ ಖಾಲಿ. ಹೋಗಬೇಕಾದ ದಿಕ್ಕು ಗೊತ್ತಾಯಿತು. ನಾಲ್ಕು ಹೆಜ್ಜೆ ಹೋದರೆ ಪ್ರಶ್ನೆ ಚಿಹ್ನೆಯ ಮಿನುಗುವ ಪೆಟ್ಟಿಗೆ. ಅಷ್ಟರಲ್ಲಿ ಎದುರಿಂದ ದುರುಗುಟ್ಟಿಕೊಂಡು ಒಂದು ಗೂಂಬಾ, ಅಂದರೆ ಅಣಬೆಯಾಕಾರದ ಪುಟ್ಟ ಶತ್ರು, ಬರುತ್ತದೆ. ತಾಗಿದರೆ ಸಾವು. ಸತ್ತರೂ ಕಳೆದುಕೊಳ್ಳುವುದು ನಾಲ್ಕೇ ಹೆಜ್ಜೆ. ಮುಂದಿನ ಸಲ ಜಿಗಿಯುತ್ತೀರಿ. ಜಿಗಿಯುವಾಗ ತಲೆ ಪೆಟ್ಟಿಗೆಗೆ ಬಡಿದು ನಾಣ್ಯ ಬರುತ್ತದೆ, ಇಲ್ಲವೇ ಕಾಲು ಗೂಂಬಾದ ಮೇಲೆ ಬಿದ್ದು ಅದು ಅಪ್ಪಚ್ಚಿ. ಎರಡೂ ಪಾಠವೇ.

ನಂತರದ್ದು ಇನ್ನೂ ಚೆಂದ. ಇನ್ನೊಂದು ಪೆಟ್ಟಿಗೆಗೆ ಗುದ್ದಿದರೆ ಅಣಬೆ ಹೊರಬರುತ್ತದೆ. ಅದೂ ನೋಡಲಿಕ್ಕೆ ಹೆಚ್ಚುಕಡಿಮೆ ಗೂಂಬಾ ಥರಾನೇ. ಹೊಸಬರು ಹೆದರಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಆದರೆ ಅಣಬೆ ಬಲಕ್ಕೆ ಜಾರಿ, ಕೆಳಗೆ ಬಿದ್ದು, ಅಲ್ಲಿರುವ ಹಸಿರು ಕೊಳವೆಗೆ ತಾಗಿ ವಾಪಸ್ ನಮ್ಮ ಕಡೆಗೇ ಬರುತ್ತದೆ. ಜಿಗಿದು ಪಾರಾಗೋಣ ಅಂದರೆ ತಲೆಯ ಮೇಲೆ ಇಟ್ಟಿಗೆ ಸಾಲು. ಅಂತೂ ಅದು ಬಂದು ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಅಂತ ಒಂದಕ್ಷರ ಬರೆಯದೆ ಹೇಳಿ ಮುಗಿಸಿದರು. ಆ ಕೊಳವೆ ಅಲ್ಲಿ ಅಲಂಕಾರಕ್ಕೆ ನಿಂತಿಲ್ಲ, ಆ ಇಟ್ಟಿಗೆಯೂ ಅಷ್ಟೇ. ಹಂತದ ಕೊನೆಯ ಕಡೆಗೆ ಎದುರುಬದುರು ಎರಡು ಮೆಟ್ಟಿಲ ಸಾಲು ಬರುತ್ತವೆ, ನಡುವೆ ಗಟ್ಟಿ ನೆಲ. ಅಲ್ಲಿ ಜಿಗಿತ ತಪ್ಪಿದರೂ ಏನೂ ಆಗುವುದಿಲ್ಲ. ಅದನ್ನು ದಾಟಿದ ತಕ್ಷಣ ಅಂಥದ್ದೇ ಇನ್ನೊಂದು ಜೋಡಿ, ಈ ಸಲ ನಡುವೆ ಗುಂಡಿ. ಮೊದಲನೆಯದು ಅಭ್ಯಾಸ, ಎರಡನೆಯದು ಪರೀಕ್ಷೆ. ಓಣಿಯ ಮಕ್ಕಳಿಗೆ ಕಲಿಸಿದ ಮೇಷ್ಟ್ರು ಯಾರು ಅಂತ ನನಗೆ ಗೊತ್ತಾಗಿದ್ದು ಇದನ್ನು ಗಮನಿಸಿದ ದಿನ.

ಅದೇ 1985ರಲ್ಲಿ ಅಮೆರಿಕದಲ್ಲಿ ಅಲ್ಟಿಮಾ 4 ಬಂತು. ಮಾಡಿದವರು ರಿಚರ್ಡ್ ಗ್ಯಾರಿಯಟ್. ಆಡುವುದು ಆ್ಯಪಲ್ 2 ಕಂಪ್ಯೂಟರಿನಲ್ಲಿ, ಕೀಬೋರ್ಡಿನ ಮುಂದೆ ಕೂತು, ವಾರಗಟ್ಟಲೆ. ಆಟದ ಹೆಸರಿನಲ್ಲೇ ‘ಅವತಾರ’ ಅನ್ನೋ ನಮ್ಮ ಪದ ಇದೆ. ಇದರಲ್ಲಿ ಕೊನೆಗೆ ಕೊಲ್ಲಬೇಕಾದ ದೊಡ್ಡ ರಾಕ್ಷಸ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಹೀಗೆ ಎಂಟು ಗುಣಗಳಲ್ಲಿ ಪಳಗಿ ಅವತಾರ ಆಗಬೇಕು, ಅದೇ ಗುರಿ.

ಈ ಆಟದಲ್ಲಿ ಮಂತ್ರಕ್ಕೆ ಬೇಕಾದ ಗಿಡಮೂಲಿಕೆ ಮಾರುವ ಹೆಂಗಸಿಗೆ ಕಣ್ಣು ಕಾಣುವುದಿಲ್ಲ. ಬೆಲೆ ಹೇಳುತ್ತಾಳೆ. ಎಷ್ಟು ಕೊಡುತ್ತೀರಿ ಅಂತ ನೀವೇ ಟೈಪ್ ಮಾಡಬೇಕು. ಕಮ್ಮಿ ಕೊಟ್ಟರೂ ಪಾಪ ಅವಳಿಗೆ ತಿಳಿಯುವುದಿಲ್ಲ, ಮಾಲು ಕೊಟ್ಟು ಕಳಿಸುತ್ತಾಳೆ. ಯಾರೂ ಬೈಯುವುದಿಲ್ಲ, ಸೈರನ್ ಕೂಗುವುದಿಲ್ಲ. ಆದರೆ ನಿಮ್ಮ ಪ್ರಾಮಾಣಿಕತೆಯ ಲೆಕ್ಕ ಒಳಗೊಳಗೇ ಇಳಿದಿರುತ್ತದೆ. ತುಂಬಾ ಹೊತ್ತಿನ ಮೇಲೆ, ಎಲ್ಲೋ ಒಂದು ಕಡೆ, ಅದರ ಫಲ ಎದುರಾಗುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರಿಯೋ ಆಟದಲ್ಲಿ ವಿನ್ಯಾಸಕಾರನ ಜಾಣ್ಮೆಯೆಲ್ಲ ಕೊಳವೆ ಎಷ್ಟು ದೂರದಲ್ಲಿದೆ ಅನ್ನೋದರಲ್ಲಿದೆ. ಅಲ್ಟಿಮಾದಲ್ಲಿ ಅದು ಲೆಕ್ಕ ಇಡುವ ನಿಯಮದಲ್ಲಿದೆ. ಮಾರಿಯೋ ನಮ್ಮ ಕೈಗೆ ಪ್ರಶ್ನೆ ಕೇಳುತ್ತದೆ, ಅಲ್ಟಿಮಾ ನಮ್ಮ ನಡತೆಗೆ.

ಈಗ ಹಿಂದಿನ ಯಂತ್ರಗಳಿಗೆ ಬರೋಣ. ಜಪಾನಿನಲ್ಲಿ ಗೇಮ್ ಬೆಳೆದದ್ದು ಮುಖ್ಯವಾಗಿ ನಾಣ್ಯ ಹಾಕಿ ಆಡುವ ಆರ್ಕೇಡ್ ಅಂಗಡಿಗಳಲ್ಲಿ, 100 ಯೆನ್ ನಾಣ್ಯದ ಮೇಲೆ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್, 1981ರ ಡಾಂಕಿ ಕಾಂಗ್. ನಾಣ್ಯ ಹಾಕಿದವನಿಗೆ ಹತ್ತು ಸೆಕೆಂಡಿನಲ್ಲಿ ಆಟ ಅರ್ಥವಾಗಬೇಕು, ಸೋತಾಗ ತಪ್ಪು ತನ್ನದೇ ಅನಿಸಬೇಕು. ಆಗಲೇ ಅವನು ಇನ್ನೊಂದು ನಾಣ್ಯ ತೆಗೆಯುವುದು. 1983ರಲ್ಲಿ ಮನೆಗೆ ಬಂದ ಫ್ಯಾಮಿಕಾಮ್ ಯಂತ್ರದ ರಿಮೋಟಿನಲ್ಲೂ ಆಡಲಿಕ್ಕೆ ಇದ್ದದ್ದು ಒಂದು ದಿಕ್ಕಿನ ಗುಂಡಿ, ಎರಡು ಬಟನ್. ಇರುವುದೇ ಎರಡು ಬಟನ್ ಅಂದಮೇಲೆ, ಆ ಎರಡನ್ನು ಒತ್ತಿದಾಗ ಹೇಗನ್ನಿಸುತ್ತದೆ ಅನ್ನೋದರ ಮೇಲೇ ಎಲ್ಲ ನಿಂತಿರುತ್ತದೆ. ಮಾರಿಯೋನ ಜಿಗಿತದ ಬಟನ್ನನ್ನು ತುಸು ಒತ್ತಿದರೆ ಪುಟ್ಟ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ. ಜಪಾನಿ ವಿನ್ಯಾಸಕಾರರು ಇದಕ್ಕೆ ‘ತೆಝಾವರಿ’ ಅನ್ನುತ್ತಾರೆ. ಬಟ್ಟೆ ಮುಟ್ಟಿದಾಗ ಕೈಗೆ ಸಿಗುವ ನಯವೋ ಒರಟೋ ಇರುತ್ತಲ್ಲ, ಆ ಪದ. 1996ರ ಸೂಪರ್ ಮಾರಿಯೋ 64 ಮಾಡುವಾಗ ಮಿಯಾಮೊಟೊ ತಂಡ ಹಂತಗಳನ್ನು ಕಟ್ಟುವ ಮುಂಚೆ ಮಾರಿಯೋನನ್ನು ಒಂದು ಸಣ್ಣ ಜಾಗದಲ್ಲಿ ಬಿಟ್ಟು, ಮೊಲ ಅಟ್ಟಿಸಿಕೊಂಡು ಓಡಾಡಿಸಿತ್ತು. ಸುಮ್ನೆ ಓಡಾಡುವುದೇ ಖುಷಿ ಕೊಡಬೇಕು, ಆಮೇಲೆ ಮಿಕ್ಕಿದ್ದು.

ಅಮೆರಿಕದಲ್ಲೂ ಆರ್ಕೇಡ್ ಇತ್ತು, ಅಟಾರಿ ಅನ್ನೋ ಗೇಮ್ ಕಂಪನಿ ಇತ್ತು. ಆದರೆ 1983ರಲ್ಲಿ ಅಲ್ಲಿನ ಮನೆಗೇಮಿನ ಮಾರುಕಟ್ಟೆ ಕುಸಿದು ಬಿತ್ತು. ಉಳಿದ ಜೀವಂತ ಜಾಗ ಮನೆಯ ಕಂಪ್ಯೂಟರ್. ಅದರ ಮುಂದೆ ಕೂತ ಹುಡುಗರು 1974ರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಿ ಬೆಳೆದವರು. ಅದು ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಏನು ಬೇಕಾದರೂ ಮಾಡ್ತೀನಿ ಅನ್ನಬಹುದು. ಬಾಗಿಲು ಒಡೀತೀನಿ, ಕಾವಲುಗಾರನಿಗೆ ಲಂಚ ಕೊಡ್ತೀನಿ, ವಾಪಸ್ ಊರಿಗೆ ಹೋಗ್ತೀನಿ. ದಾಳ ಉರುಳಿಸಿ ಫಲ ಹೇಳುತ್ತಾರೆ. ಈ ‘ಏನು ಬೇಕಾದರೂ’ ಅನ್ನೋದನ್ನು ಕಂಪ್ಯೂಟರಿಗೆ ಕಲಿಸುವ ಆಸೆಯೇ ಪಶ್ಚಿಮದ ವಿನ್ಯಾಸದ ಬಹುಪಾಲನ್ನು ಎಳೆದುಕೊಂಡು ಬಂದಿದೆ. ಅದರ ಜೊತೆಗೆ ಕಂಪ್ಯೂಟರ್ ಅಂದರೆ ಬಿಚ್ಚಿ ನೋಡಬಹುದಾದ ಯಂತ್ರ. 1993ರ ಡೂಮ್ ಆಟದ ಹಂತಗಳ ಕಡತವನ್ನು ಬೇರೆಯಾಗಿ ಇಟ್ಟು, ಆಡುವವರೇ ತಮ್ಮ ಹಂತ ಕಟ್ಟಿಕೊಳ್ಳಲಿ ಅಂತ ದಾರಿ ಬಿಟ್ಟರು. ಸೈಬರ್ ಕೆಫೆಗಳಲ್ಲಿ ನಾವು ಕಿರುಚಾಡಿಕೊಂಡು ಆಡಿದ ಕೌಂಟರ್ ಸ್ಟ್ರೈಕ್ ಹುಟ್ಟಿದ್ದೂ ಹಾಗೇ. ಅದು ಮೊದಲಿಗೆ ಆಟಗಾರರೇ ಹಾಫ್ ಲೈಫ್ ಆಟವನ್ನು ಬದಲಿಸಿ ಮಾಡಿಕೊಂಡ ಇನ್ನೊಂದು ಆಟ.

ಅಮೆರಿಕದ ವಿನ್ಯಾಸಕಾರ ವಿಲ್ ರೈಟ್ ಕತೆಯಂತೂ ಬಹಳ ಇಷ್ಟ ನನಗೆ. ಅವರು ಬಾಂಬ್ ಹಾಕುವ ಒಂದು ಹೆಲಿಕಾಪ್ಟರ್ ಆಟ ಮಾಡುತ್ತಿದ್ದರು. ಅದಕ್ಕೆ ದ್ವೀಪಗಳನ್ನು ಬಿಡಿಸಲು ಒಂದು ಉಪಕರಣ ಮಾಡಿಕೊಂಡರು. ಬಾಂಬ್ ಹಾಕೋದಕ್ಕಿಂತ ದ್ವೀಪ ಕಟ್ಟೋದೇ ಮಜಾ ಅಂತ ಅವರಿಗೆ ಅನಿಸಿತು. ಅದು ಬೆಳೆದು 1989ರಲ್ಲಿ ಸಿಮ್‌ಸಿಟಿ ಆಯಿತು. ಅದರಲ್ಲಿ ಗೆಲ್ಲುವುದು ಅಂತಲೇ ಇಲ್ಲ, ಊರು ಕಟ್ಟುತ್ತಾ ಇರುವುದಷ್ಟೇ. ಗೆಲುವಿಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಅಂತ ಪ್ರಕಾಶಕರು ಮೊದಲು ಹಿಂಜರಿದಿದ್ದರು.

ಹೀಗೆ ಜಗತ್ತನ್ನು ಕಟ್ಟಿ ಕೈಬಿಟ್ಟರೆ ಮಾಡಿದವರಿಗೇ ಅಚ್ಚರಿ ಕಾದಿರುತ್ತದೆ. 2000ದಲ್ಲಿ ಬಂದ ಡ್ಯೂಸ್ ಎಕ್ಸ್ ಆಟದಲ್ಲಿ ಗೋಡೆಗೆ ಅಂಟಿಸುವ ಸ್ಫೋಟಕಗಳಿದ್ದವು. ಅವು ಗಟ್ಟಿ ವಸ್ತು, ಅಂದಮೇಲೆ ಮೇಲೆ ನಿಲ್ಲಬಹುದು. ಆಟಗಾರರು ಒಂದರ ಮೇಲೊಂದು ಅಂಟಿಸಿ, ಅವನ್ನೇ ಮೆಟ್ಟಿಲು ಮಾಡಿಕೊಂಡು ಗೋಡೆ ಹತ್ತಿಬಿಟ್ಟರು. ಆಟ ಮಾಡಿದ ವಾರೆನ್ ಸ್ಪೆಕ್ಟರ್ ತಂಡ ಇದನ್ನು ಯೋಚಿಸಿರಲಿಲ್ಲ. ಈ ಬಗೆಯ ಆಟಗಳಿಗೆ ‘ಇಮ್ಮರ್ಸಿವ್ ಸಿಮ್’ ಅಂತ ಹೆಸರು. ಇವುಗಳ ಅಭಿಮಾನಿಗಳು ಅಂಥ ಗೋಡೆ ಹತ್ತಿದ ಕತೆಗಳನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವುದು.

ಜಪಾನಿನ ಮೇಷ್ಟ್ರುಗಳು ಅಷ್ಟರಲ್ಲಿ ತಮ್ಮ ಪಾಠಕ್ರಮವನ್ನು ಇನ್ನೂ ತಿದ್ದುತ್ತಿದ್ದರು. ಸೂಪರ್ ಮಾರಿಯೋ 3ಡಿ ಲ್ಯಾಂಡ್ ನಿರ್ದೇಶಕ ಕೊಯಿಚಿ ಹಯಾಶಿದಾ ತಮ್ಮ ಹಂತಗಳ ಕಟ್ಟಡವನ್ನು ‘ಕಿಶೋತೆನ್‌ಕೆತ್ಸು’ ಅನ್ನೋ ಹಳೆಯ ಪದದಿಂದ ವಿವರಿಸಿದ್ದಾರೆ. ಚೀನಾದ ನಾಲ್ಕು ಸಾಲಿನ ಪದ್ಯದಿಂದ ಜಪಾನಿನ ನಾಲ್ಕು ಚೌಕದ ಕಾಮಿಕ್ಸ್‌ವರೆಗೆ ಬಂದ ಕ್ರಮ ಇದು: ಆರಂಭ, ಬೆಳವಣಿಗೆ, ತಿರುವು, ಮುಗಿತಾಯ. ಮಾರಿಯೋ ಜಿಗಿದಾಗಲೆಲ್ಲ ಮಗುಚುವ ಕೆಂಪು-ನೀಲಿ ಹಲಗೆಗಳಿವೆ ಅಂದುಕೊಳ್ಳಿ. ಮೊದಲು ಬಿದ್ದರೂ ಪೆಟ್ಟಾಗದ ಜಾಗದಲ್ಲಿ ಅವನ್ನು ತೋರಿಸುತ್ತಾರೆ. ಆಮೇಲೆ ಕೆಳಗೆ ಪ್ರಪಾತ ಇಡುತ್ತಾರೆ. ಮೂರನೆಯದರಲ್ಲಿ ಅದೇ ಹಲಗೆಯನ್ನು ನೀವು ನಿರೀಕ್ಷಿಸದ ರೀತಿಯಲ್ಲಿ ಬಳಸುತ್ತಾರೆ. ಕಡೆಗೆ ಕಲಿತದ್ದನ್ನೆಲ್ಲ ಸೇರಿಸಿ ಒಂದು ಜಿಗಿತ, ಹಂತ ಮುಗಿಸುವ ಬಾವುಟ. ಐದು ನಿಮಿಷದ ಹಂತ. ಮುಂದಿನ ಹಂತದಲ್ಲಿ ಹಲಗೆಗಳೇ ಇರುವುದಿಲ್ಲ, ಬೇರೆಯೇ ವಿಷಯ. ಹಬ್ಬದೂಟದ ಎಲೆಯಲ್ಲಿ ಒಂದೊಂದು ರುಚಿಯನ್ನೂ ಚೂರೇ ಚೂರು ಬಡಿಸಿದ ಹಾಗೆ.

ಇಷ್ಟು ಹೇಳಿದ ಮೇಲೆ ಗೆರೆ ಎಳೆದುಬಿಡೋಣ ಅನಿಸುತ್ತೆ, ಅಲ್ವಾ? ಆದರೆ ಗೆರೆಯ ಆ ಕಡೆ ಈ ಕಡೆ ಸಾಮಾನು ಸಾಗುತ್ತಲೇ ಇತ್ತು.

ಯುಜಿ ಹೊರೀ ಅನ್ನೋ ಜಪಾನಿ ಲೇಖಕ ಅಮೆರಿಕದ ವಿಝರ್ಡ್ರಿ ಮತ್ತು ಅಲ್ಟಿಮಾ ಆಟಗಳಿಗೆ ಮರುಳಾಗಿದ್ದರು. ಇದನ್ನು ತಮ್ಮ ದೇಶದ ಫ್ಯಾಮಿಕಾಮ್ ಮಕ್ಕಳಿಗೆ ತಲುಪಿಸಬೇಕು ಅಂತ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಮಾಡಿದರು. ಮೇಲಿಂದ ಕಾಣುವ ನಕ್ಷೆ ಅಲ್ಟಿಮಾದ್ದು, ಎದುರುಬದುರು ನಿಂತು ನಡೆಸುವ ಕಾಳಗ ವಿಝರ್ಡ್ರಿಯದ್ದು. ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆ ಜಪಾನಿ ಕಟಾಕಾನಾ ವರ್ಣಮಾಲೆಯ ಹಲವು ಅಕ್ಷರಗಳನ್ನೇ ಕೈಬಿಟ್ಟು, ಉಳಿದ ಅಕ್ಷರಗಳಲ್ಲಿ ಬರೆಯಬಹುದಾದ ಹೆಸರುಗಳನ್ನು ಮಾತ್ರ ಇಟ್ಟುಕೊಂಡರು. ಅವರು ಮಾಡಿದ ನಿಜವಾದ ಬದಲಾವಣೆ ಮೊದಲ ಕೋಣೆಯಲ್ಲಿದೆ. ಅಮೆರಿಕದ ಆಟಗಳು ಶುರುವಿನಲ್ಲೇ ಕಾಡಿನಲ್ಲಿ ಬಿಟ್ಟುಬಿಡುತ್ತಿದ್ದವು. ಹೊರೀ ಆಟಗಾರನನ್ನು ರಾಜನ ಕೋಣೆಯಲ್ಲಿ ಕೂಡಿಹಾಕಿದರು. ಒಳಗೆ ರಾಜ, ಪೆಟ್ಟಿಗೆಗಳು, ಬೀಗ ಹಾಕಿದ ಬಾಗಿಲು, ಮೆಟ್ಟಿಲು. ಹೊರಗೆ ಬರಬೇಕಾದರೆ ಮಾತಾಡಬೇಕು, ಪೆಟ್ಟಿಗೆ ತೆರೆಯಬೇಕು, ಸಿಕ್ಕ ಕೀಲಿಯಿಂದ ಬಾಗಿಲು ತೆಗೆಯಬೇಕು, ಮೆಟ್ಟಿಲು ಇಳಿಯಬೇಕು. ಕೋಣೆ ದಾಟುವಷ್ಟರಲ್ಲಿ ಇಡೀ ಆಟಕ್ಕೆ ಬೇಕಾದ ಆಜ್ಞೆಗಳೆಲ್ಲ ಬಂದುಬಿಟ್ಟಿರುತ್ತವೆ. ಆಚೆಯ ಜಗತ್ತು, ಈಚೆಯ ಪಾಠ.

ಅದೇ ರೀತಿ ಫ್ರಾನ್ಸಿನ ಅಲೋನ್ ಇನ್ ದ ಡಾರ್ಕ್ ಅನ್ನೋ ಹೆದರಿಸುವ ಆಟದ ದಾರಿ ಹಿಡಿದು ಜಪಾನಿನ ಶಿಂಜಿ ಮಿಕಾಮಿ 1996ರಲ್ಲಿ ರೆಸಿಡೆಂಟ್ ಈವಿಲ್ ಮಾಡಿದರು. 2005ರಲ್ಲಿ ಅದರ ನಾಲ್ಕನೇ ಕಂತಿಗೆ ಕ್ಯಾಮೆರಾವನ್ನು ನಾಯಕನ ಭುಜದ ಹಿಂದೆ ತಂದರು. ಮರುವರ್ಷವೇ ಅಮೆರಿಕದ ಗಿಯರ್ಸ್ ಆಫ್ ವಾರ್ ಅದೇ ನೋಟ ಹಿಡಿಯಿತು. ಇವತ್ತು ಎಲ್ಲ ಕಡೆ ಅದೇ ಕ್ಯಾಮೆರಾ.

ಇನ್ನೂ ಒಂದು ವ್ಯತ್ಯಾಸ ಬಾಕಿ ಇದೆ. ಇದು ಸುಲಭಕ್ಕೆ ಅಳಿಸದ ವ್ಯತ್ಯಾಸ ಅಂತ ನನ್ನ ಲೆಕ್ಕ. 1998ರಲ್ಲಿ ಅಮೆರಿಕದಿಂದ ಹಾಫ್ ಲೈಫ್, ಜಪಾನಿನಿಂದ ಮೆಟಲ್ ಗಿಯರ್ ಸಾಲಿಡ್ ಬಂದವು. ಹಾಫ್ ಲೈಫ್ ಆಟದಲ್ಲಿ ಕತೆ ಹೇಳುವಾಗಲೂ ಕಣ್ಣು ನಿಮ್ಮದೇ, ಕಾಲು ನಿಮ್ಮದೇ. ಮೊದಲಿಗೆ ಟ್ರಾಮಿನಲ್ಲಿ ಕೂಡಿಸಿ ಪ್ರಯೋಗಾಲಯ ತೋರಿಸುವಾಗ ಕೂಡ ನೀವು ಒಳಗೆ ಓಡಾಡಬಹುದು. ಇದು ಆಟ ಅನ್ನೋದು ಮರೆತುಹೋಗಬೇಕು, ಅದು ಅವರ ಆಸೆ. ಹಿಡಿಯೊ ಕೊಜಿಮಾ ಅವರ ಮೆಟಲ್ ಗಿಯರ್‌ನಲ್ಲಿ ಸಿನಿಮಾದ ಹಾಗೆ ದೃಶ್ಯಗಳು ಬರುತ್ತವೆ, ನಾವು ಕೈ ಕಟ್ಟಿ ನೋಡಬೇಕು. ಅಷ್ಟಾದ ಮೇಲೆ ಸೈಕೋ ಮ್ಯಾಂಟಿಸ್ ಅನ್ನೋ ಖಳ ಬರುತ್ತಾನೆ. ನಿನ್ನ ಮನಸ್ಸು ಓದುತ್ತೇನೆ ಅಂತ ನಿಮ್ಮ ಮೆಮೊರಿ ಕಾರ್ಡಿನಲ್ಲಿರುವ ಬೇರೆ ಆಟಗಳ ಹೆಸರು ಹೇಳುತ್ತಾನೆ! ನೀವು ಒತ್ತುವ ಬಟನ್ನೆಲ್ಲ ಅವನಿಗೆ ಮೊದಲೇ ಗೊತ್ತು. ಗೆಲ್ಲುವ ದಾರಿ ಅಂದರೆ ಸೋಫಾದಿಂದ ಎದ್ದು, ರಿಮೋಟಿನ ವೈರ್ ಕಿತ್ತು, ಎರಡನೇ ಪೋರ್ಟಿಗೆ ಚುಚ್ಚುವುದು. ಇದು ಆಟ, ನೀನು ಟಿವಿ ಮುಂದೆ ಕೂತಿದ್ದೀಯ ಅಂತ ಆಟವೇ ಒಪ್ಪಿಕೊಂಡು, ಅದರಿಂದಲೇ ಮೈ ಜುಮ್ಮೆನ್ನಿಸುತ್ತದೆ. ಜಪಾನಿ ವಿನ್ಯಾಸಕ್ಕೆ ತಾನು ಆಟ ಅನ್ನೋದರ ಬಗ್ಗೆ ಸಂಕೋಚ ಕಮ್ಮಿ. ಮಾರಿಯೋನ ಇಟ್ಟಿಗೆ ಗಾಳಿಯಲ್ಲಿ ಯಾಕೆ ತೇಲುತ್ತದೆ ಅಂತ ಕ್ಯೋಟೋದಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ.

ಜಪಾನಿನ ಇನ್ನೊಬ್ಬ ವಿನ್ಯಾಸಕಾರ ಹಿದೆತಕಾ ಮಿಯಾಝಾಕಿ ಬಗ್ಗೆಯೂ ಹೇಳಲೇಬೇಕು. ಚಿಕ್ಕಂದಿನಲ್ಲಿ ಅವರು ತಮ್ಮ ಓದಿನ ಮಟ್ಟ ಮೀರಿದ ಪುಸ್ತಕಗಳನ್ನು ಲೈಬ್ರರಿಯಿಂದ ತಂದು, ಅರ್ಥವಾಗದ ಕಡೆ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಅವರ ಡಾರ್ಕ್ ಸೋಲ್ಸ್ ಆಡಿದರೆ ಆ ಹುಡುಗ ಕಾಣುತ್ತಾನೆ. ಪಶ್ಚಿಮದ ಕೋಟೆ, ಡ್ರ್ಯಾಗನ್, ಕವಚಧಾರಿ ಎಲ್ಲ ಇದೆ, ಕತೆ ಮಾತ್ರ ಹರಿದ ಚೂರುಗಳಲ್ಲಿ, ಉಂಗುರದ ವಿವರಣೆಯಲ್ಲೊಂದು ಸಾಲು, ಖಡ್ಗದ ವಿವರಣೆಯಲ್ಲೊಂದು ಸಾಲು. ಮಿಕ್ಕಿದ್ದನ್ನು ನೀವೇ ತುಂಬಿಕೊಳ್ಳಬೇಕು. ಕಾಳಗದಲ್ಲಿ ಮಾತ್ರ ಆರ್ಕೇಡಿನ ಹಳೆಯ ನ್ಯಾಯ: ಸತ್ತರೆ ತಪ್ಪು ನಿಮ್ಮದೇ. ಅವರದೇ 2009ರ ಡೀಮನ್ಸ್ ಸೋಲ್ಸ್‌ನ ಆನ್‌ಲೈನ್ ವ್ಯವಸ್ಥೆ ಅವರಿಗೆ ಹೊಳೆದದ್ದು ಒಂದು ಹಿಮದ ದಿನ. ಗುಡ್ಡದ ರಸ್ತೆಯಲ್ಲಿ ಕಾರುಗಳು ಜಾರುತ್ತಿದ್ದವು. ಅಪರಿಚಿತರು ಒಬ್ಬರಿಗೊಬ್ಬರು ತಳ್ಳಿ ಮೇಲೆ ಹತ್ತಿಸಿದರು. ನಿಂತು ಥ್ಯಾಂಕ್ಸ್ ಹೇಳೋಣ ಅಂದರೆ ಕಾರು ಮತ್ತೆ ಸಿಕ್ಕಿಕೊಳ್ಳುತ್ತದೆ. ಹಾಗೇ ಹೋದರು. ಅವರ ಆಟಗಳಲ್ಲಿ ಗುರುತಿಲ್ಲದವರು ನೆಲದ ಮೇಲೆ ‘ಮುಂದೆ ಹೊಂಚು ಹಾಕಿದ್ದಾರೆ’ ಅಂತ ಬರೆದಿಟ್ಟು ಹೋಗಿರುತ್ತಾರೆ, ನಾವು ಬದುಕಿಕೊಳ್ಳುತ್ತೇವೆ, ಮುಖ ಕಾಣುವುದೇ ಇಲ್ಲ.

ಮಾರಿಯೋ ಮಾಡಿದ ನಿಂಟೆಂಡೊ 2017ರಲ್ಲಿ ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್ ಬಿಡುಗಡೆ ಮಾಡಿತು. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಆಟದ ಜಗತ್ತು ಎಷ್ಟು ದೊಡ್ಡದಿರಬೇಕು ಅಂತ ತಿಳಿಯಲು ತಮ್ಮ ಕ್ಯೋಟೋ ಊರಿನ ನಕ್ಷೆಯನ್ನು ಅದರ ಮೇಲೆ ಹಾಸಿ ನೋಡಿದರು. ದಿನಾ ಓಡಾಡುವ ಊರಾದ್ದರಿಂದ ಇಲ್ಲಿಂದ ಅಲ್ಲಿಗೆ ನಡೆಯಲು ಎಷ್ಟು ಹೊತ್ತು ಅಂತ ಕಾಲಿಗೇ ಗೊತ್ತಿತ್ತು. ತಂಡ ಬೆಂಕಿ, ಗಾಳಿ, ನೀರು, ವಿದ್ಯುತ್ತುಗಳಿಗೆ ನಿಯಮ ಬರೆದು ಅದನ್ನು ‘ರಸಾಯನ ಎಂಜಿನ್’ ಅಂತ ಕರೆಯಿತು. ಕಟ್ಟಿಗೆ ಉರಿಯುತ್ತದೆ, ಉರಿದರೆ ಗಾಳಿ ಮೇಲೇಳುತ್ತದೆ, ಮೇಲೆದ್ದ ಗಾಳಿಯಲ್ಲಿ ನೀವು ಹಾರಬಹುದು. ಲೋಹ ಕರೆಂಟ್ ಹರಿಸುತ್ತದೆ. ಗುಡುಗು ಮಳೆಯಲ್ಲಿ ಲೋಹದ ಕತ್ತಿ ಹಿಡಿದು ನಿಂತರೆ ಸಿಡಿಲು ಹೊಡೆಯುತ್ತದೆ. ಅಲ್ಟಿಮಾದ ಹೆಂಗಸಿನ ಲೆಕ್ಕದ ಹಾಗೆ, ಡ್ಯೂಸ್ ಎಕ್ಸ್‌ನ ಗೋಡೆಯ ಹಾಗೆ, ನಿಯಮ ಇದೆ, ಮಿಕ್ಕಿದ್ದು ನಿಮಗೆ ಬಿಟ್ಟದ್ದು. ಆದರೆ ಆಟ ಶುರುವಾಗುವುದು ಸುತ್ತ ಪ್ರಪಾತವಿರುವ ಒಂದು ಪ್ರಸ್ಥಭೂಮಿಯ ಮೇಲೆ. ಮುಖ್ಯವಾದದ್ದೆಲ್ಲ ಕಲಿಯುವ ತನಕ ಅಲ್ಲಿಂದ ಇಳಿಯುವ ಹಾಗಿಲ್ಲ. ಹೊರೀ ಅವರ ರಾಜನ ಕೋಣೆಯೇ, ಮೇಲೆ ಆಕಾಶ ಇದೆ ಅಷ್ಟೇ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗ ಇದನ್ನು ನಮ್ಮ ಮನೆಯಲ್ಲಿ ಆಡುತ್ತಿದ್ದ. ಒಂದು ಗುಹೆಯಲ್ಲಿ ವಿದ್ಯುತ್ತಿನ ಒಗಟು. ಲೋಹದ ಪೆಟ್ಟಿಗೆಗಳನ್ನು ಸರಿಸಿ ಕರೆಂಟನ್ನು ಬಾಗಿಲಿಗೆ ಮುಟ್ಟಿಸಬೇಕು. ಅವನಿಗೆ ಪೆಟ್ಟಿಗೆ ಸಾಲಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ತನ್ನ ಚೀಲದಿಂದ ಕತ್ತಿ ತೆಗೆದು ನೆಲಕ್ಕೆ ಹಾಕಿದ, ಅದರ ತುದಿಗೆ ತಾಗುವಂತೆ ಇನ್ನೊಂದು ಕತ್ತಿ, ಆಮೇಲೆ ಗುರಾಣಿ. ಸಾಲು ಬಾಗಿಲ ತನಕ ಮುಟ್ಟಿತು. ಚಟಚಟ ಅಂತ ಕಿಡಿ ಹಾರಿ ಬಾಗಿಲು ತೆರೆಯಿತು. ಹೊರಡುವ ಮುಂಚೆ ನನ್ನ ಕಡೆ ತಿರುಗಿ ಕೇಳಿದ: ‘ಕತ್ತಿ ವಾಪಸ್ ಎತ್ಕೊಂಡ್ರೆ ಬಾಗಿಲು ಮುಚ್ಕೊಳುತ್ತಾ?’

‘ಎತ್ತಿ ನೋಡು’ ಅಂದೆ.